ಕಿವಿಯಲ್ಲೇ ಕೂತವಳು

ಆಕೆ ಹೊಲಿಗೆಯವಳು. ಪರದೆ, ಸೋಫಾ ಕವರು, ಕಾರಿನ ಸೀಟಿನ ಹೊದಿಕೆ, ಏನು ಕೊಟ್ಟರೂ ಹೊಲಿದುಕೊಡುತ್ತಿದ್ದಳು. ಮೂರನೇ ಮಹಡಿಯ ಮನೆಯ ಮುಂದಿನ ಕೋಣೆಯಲ್ಲಿ ಅವಳ ಮಿಷನ್ನು. ಕಿಟಕಿ ಇತ್ತು, ಆದರೆ ಅದರಾಚೆ ಪಕ್ಕದ ಕಟ್ಟಡದ ಬೋಳು ಗೋಡೆ. ಮಿಷನ್ನಿನ ಪಕ್ಕದಲ್ಲಿ ನೂಲಿನ ಡಬ್ಬಿಗೆ ಒರಗಿಸಿಟ್ಟ ಫೋನು. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಗಂಡ ಊಟಕ್ಕೆ ಬರುವವರೆಗೂ ಅದು ಬಾಯಿ ಮುಚ್ಚುತ್ತಿರಲಿಲ್ಲ.

ಗಂಡ ಟ್ಯಾಕ್ಸಿ ಓಡಿಸುತ್ತಿದ್ದ. ಸ್ಟ್ಯಾಂಡಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ನಿಧಾನಣ್ಣ ಎಂದು. ಹಳದಿ ದೀಪ ಕಂಡರೇ ಬ್ರೇಕ್ ಒತ್ತುವ ಆಸಾಮಿ. ಇಪ್ಪತ್ತು ವರ್ಷದಲ್ಲಿ ಗಾಡಿಗೆ ಒಂದು ಗೀರು ಮಾಡಿಕೊಂಡವನಲ್ಲ. ಮಾತಿನಲ್ಲೂ ಅಷ್ಟೇ ನಿಧಾನ. ಮನೆಯಲ್ಲಿ ಹೂಂ, ಊಹೂಂ, ಆಯ್ತು, ಈ ಮೂರರಲ್ಲೇ ದಿನ ಮುಗಿಸಿಬಿಡುತ್ತಿದ್ದ.

ಕಿವಿಗೆ ಸಿಕ್ಕಿಸಿಕೊಳ್ಳುವ ಬ್ಲೂಟೂತ್ ತಂದುಕೊಟ್ಟವಳು ಅವಳೇ. ಫೋನನ್ನು ಕೆನ್ನೆಗೂ ಭುಜಕ್ಕೂ ನಡುವೆ ಒತ್ತಿಕೊಂಡು ಕುತ್ತಿಗೆ ಸೊಟ್ಟ ಮಾಡಿಕೊಂಡು ಅವನು ಓಡಿಸುತ್ತಿದ್ದದ್ದನ್ನು ಒಮ್ಮೆ ರಸ್ತೆಯಲ್ಲಿ ಕಂಡಿದ್ದಳು. "ಇನ್ಮೇಲೆ ಎರಡೂ ಕೈ ಸ್ಟೀರಿಂಗ್ ಮೇಲಿರ್ಲಿ ಕಣ್ರೀ" ಎಂದು ತಾನೇ ಅವನ ಕಿವಿಗೆ ಸಿಕ್ಕಿಸಿದ್ದಳು. ಆಮೇಲೆ ಮಗಳಿಗೆ ಜ್ವರ ಬಂದ ಒಂದು ವಾರ, ಆಗಾಗ ಸುದ್ದಿ ತಿಳಿಯಲಿ ಎಂದು ಲೈನು ಕತ್ತರಿಸದೆ ಹಾಗೇ ಬಿಟ್ಟರು. ಜ್ವರ ಇಳಿಯಿತು, ಲೈನು ಉಳಿಯಿತು.

ಶುರುವಿನಲ್ಲಿ ಅದು ಸುಖವೇ ಆಗಿತ್ತು. ಇಂಡಿಕೇಟರಿನ ಟಿಕ್ ಟಿಕ್, ಬಾಗಿಲು ಹಾಕಿದ ಸದ್ದು, ರಸ್ತೆಯ ಉಬ್ಬು ಹತ್ತಿ ಇಳಿದಾಗಿನ ಕೀರಲು ದನಿ. ಯಾವ ರಸ್ತೆಯಲ್ಲಿದ್ದಾನೆಂದು ಬಟ್ಟೆಯಿಂದ ತಲೆ ಎತ್ತದೆಯೇ ಹೇಳುತ್ತಿದ್ದಳು. ಯಾರು ಹತ್ತಿದರು, ಹೆಣ್ಣೋ ಗಂಡೋ, ಒಬ್ಬರೋ ಇಬ್ಬರೋ, ಎಲ್ಲ ಲೆಕ್ಕ ಅವಳಲ್ಲಿತ್ತು. ಹದಿನೈದರ ಮಗಳು ಒಂದು ದಿನ ನಕ್ಕಳು. "ಅಮ್ಮಾ, ಅಪ್ಪ ಎಲ್ಲಿ ಓಡಿಸ್ತಾರೆ? ನೀನೇ ಅವರ ಕಿವಿ ಹಿಡ್ಕೊಂಡು ಓಡಿಸ್ತಿದ್ದೀಯ."

"ಬಾಯಿ ಮುಚ್ಕೊಂಡು ಓದ್ಕೋ ಹೋಗೇ" ಎಂದಳೇನೋ ನಿಜ. ಮಾತು ಮಾತ್ರ ಚುಚ್ಚಿತು.

ಹೀಗಿರುವಾಗ ಅವನ ಗಾಡಿಗೆ ಪಿಟೀಲು ಮೇಡಂ ಬಂದಳು. ಸಂಗೀತ ಶಾಲೆಯ ಶಿಕ್ಷಕಿ. ಸೋಮವಾರ, ಗುರುವಾರ ಬೆಳಿಗ್ಗೆ ಹತ್ತಕ್ಕೆ ಸೇತುವೆ ಪಕ್ಕದ ವಸತಿಯಿಂದ ಶಾಲೆಗೆ. ಮೊದಲು ಪೆಟ್ಟಿಗೆ ಸೀಟಿಗೆ ತಾಗುವ ಸದ್ದು, ಆಮೇಲೆ "ನಮಸ್ಕಾರ, ಹೇಗಿದ್ದೀರಿ?" ಎನ್ನುವ ದನಿ. ಇಷ್ಟಕ್ಕೆ ಹೊಟ್ಟೆಕಿಚ್ಚು ಪಡುವಂಥದ್ದೇನೂ ಇರಲಿಲ್ಲ. ಕಿಚ್ಚು ಹತ್ತಿದ್ದು ಗಂಡನ ದನಿ ಕೇಳಿ. ಮೂರು ಪದದ ಮನುಷ್ಯ ಅಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದ.

"ಚಿಕ್ಕವನಿದ್ದಾಗ ನಂಗೆ ಕೊಳಲು ಕಲೀಬೇಕು ಅಂತ ಹುಚ್ಚು ಮೇಡಂ. ಪೈಪ್ ಕೊಯ್ದು ತೂತು ಮಾಡಿ ಊದ್ತಿದ್ದೆ. ಅಪ್ಪ ಅದನ್ನ ಮುರಿದು ಬಿಸಾಕಿದ್ರು."

ಮಿಷನ್ನಿನ ಮೇಲೆ ಅವಳ ಕಾಲು ನಿಂತಿತು. ಹದಿನೇಳು ವರ್ಷ ಒಂದೇ ಸೂರಿನಡಿ ಬದುಕಿದ್ದಾರೆ, ಕೊಳಲಿನ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಅವನು ಕದ್ದು ಹೇಳಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಅವನು ಕದ್ದಿರಲಿಲ್ಲ, ಅವಳು ಕಿವಿಯಲ್ಲೇ ಇದ್ದಾಳೆಂಬುದನ್ನು ಮರೆತಿದ್ದ. ಅದೇ ಅವಳನ್ನು ಸುಟ್ಟಿತು.

ಮಧ್ಯಾಹ್ನ ಊಟಕ್ಕೆ ಬಂದವನನ್ನು ಕೇಳಿದಳು. "ಏನ್ರೀ ವಿಶೇಷ?"

"ಏನಿದೆ? ಟ್ರಾಫಿಕ್ಕು."

ಅಲ್ಲಿಂದ ಸೋಮವಾರ ಬಂತೆಂದರೆ ಅವಳ ಹೊಲಿಗೆ ಸೊಟ್ಟಗಾಗುತ್ತಿತ್ತು. ಮೇಡಂ ನಕ್ಕರೆ, "ಏನು ಅಷ್ಟು ನಗು?" ಎಂದು ಅವನ ಕಿವಿಯಲ್ಲಿ ಕುಟುಕುವಳು. ಅವನು ಬಾಯಿ ತೆರೆಯುವ ಮೊದಲೇ, "ಹಿಂದಿನ ಕನ್ನಡಿ ನೋಡ್ತಿದ್ದೀರಾ, ಅವಳ ಮುಖಾನಾ?" ಎನ್ನುವಳು. ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಒಂದೆರಡು ಸಲ ಮೇಡಂ, "ನಂಗೆ ಹೇಳಿದ್ರಾ?" ಎಂದು ಕೇಳಿದ್ದೂ ಇತ್ತು. ರಾಗಕ್ಕೆ ತಕ್ಕ ಹಾಗೆ ತಲೆಯಾಡಿಸುವ, ನೀಳ ಬೆರಳುಗಳ ಒಬ್ಬ ಹೆಂಗಸನ್ನು ಅವಳು ಬೋಳು ಗೋಡೆಯ ಮೇಲೆ ದಿನವೂ ಬರೆದು ಅಳಿಸುತ್ತಿದ್ದಳು.

ಆ ಗುರುವಾರ ಮೇಡಂ ಹತ್ತಿದವಳೇ ಅಂದಳು, "ನಮ್ಮ ಶಾಲೇಲಿ ಒಂದು ಹಳೇ ಕೊಳಲು ಬಿದ್ದಿತ್ತು. ನಿಮಗೆ ಅಂತ ತಂದೆ."

"ಅಯ್ಯೋ ಮೇಡಂ, ನಂಗ್ಯಾಕೆ?" ಎಂದ. ದನಿಯಲ್ಲಿ ಮಗುವಿನ ಸಂಭ್ರಮ.

ಅವಳಿಗೆ ತಲೆಗೇ ಹತ್ತಿತು. "ತಗೋಬೇಡಿ! ಈಗ್ಲೇ ವಾಪಸ್ ಕೊಡಿ."

"ಸುಮ್ನಿರು" ಎಂದು ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ.

"ಯಾಕೆ ಸುಮ್ನಿರ್ಬೇಕು? ಹೆಂಡತಿಗೆ ಹೇಳದ ಕಥೇನ ಅವಳಿಗೆ ಯಾಕೆ ಹೇಳಿದ್ರಿ? ಅವಳ ಎದುರಿಗೇ ಉತ್ತರ ಕೊಡಿ. ಕೇಳಿಸ್ತಿದೆಯಾ? ಕೊಡಿ!"

"ಮುಂದೆ ನೋಡಿ!" ಎಂದು ಮೇಡಂ ಕಿರುಚಿದಳು.

ಬ್ರೇಕು ಚೀರಿತು. ಧಡ್ ಎಂದಿತು. ಅದರ ಹಿಂದೆಯೇ ನೂರಾರು ಚೂರು ಲೋಹ ರಸ್ತೆಯ ಮೇಲೆ ಚೆಲ್ಲಿದ ಸದ್ದು. ಸೈಕಲ್ಲಿಗೆ ಕೀಲಿಕೈ ಪೆಟ್ಟಿಗೆ ಕಟ್ಟಿಕೊಂಡು ಬೀದಿ ಬೀದಿ ಸುತ್ತಿ ಬೀಗ ರಿಪೇರಿ ಮಾಡುವ ಒಬ್ಬ ಮುದುಕನಿಗೆ ಗಾಡಿ ಗುದ್ದಿತ್ತು. ಕಿವಿಯಿಂದ ಕಳಚಿ ಬಿದ್ದ ಬ್ಲೂಟೂತ್ ಸೀಟಿನ ಮೇಲಿಂದ ಎಲ್ಲವನ್ನೂ ಅವಳಿಗೆ ಒಪ್ಪಿಸುತ್ತಲೇ ಇತ್ತು. ಓಡಿ ಬಂದ ಹೆಜ್ಜೆಗಳು, ಆಂಬುಲೆನ್ಸಿಗೆ ವಿಳಾಸ ಹೇಳುವ ಮೇಡಂ, "ಅಜ್ಜಾ, ಅಜ್ಜಾ, ಕಣ್ಣು ಬಿಡಿ ಅಜ್ಜಾ" ಎಂದು ಅಳುವ ಗಂಡ. "ರೀ, ರೀ" ಎಂದು ಅವಳು ಇಲ್ಲಿ ಕೂಗುತ್ತಲೇ ಇದ್ದಳು. ಅಲ್ಲಿ ಯಾರಿಗೂ ಅದು ಬೇಕಿರಲಿಲ್ಲ.

ಮುದುಕ ಬದುಕಿಕೊಂಡ. ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಪೊಲೀಸರು ಗಂಡನನ್ನು ಕೇಳಿದ್ದು ಒಂದೇ ಪ್ರಶ್ನೆ. ಫೋನು ಕೈಯಲ್ಲಿತ್ತಾ? ಇಲ್ಲ, ಕಿವಿಯಲ್ಲಿತ್ತು. ಹಾಗಿದ್ದರೆ ಅದಕ್ಕೆ ಕಾನೂನಿನ ಅಡ್ಡಿಯಿಲ್ಲವೆಂದು ಬರೀ ಅಜಾಗರೂಕತೆ ಎಂದು ಬರೆದುಕೊಂಡರು. ಯಾರ ಜೊತೆ, ಯಾವ ಮಾತು ಎಂದು ಯಾರೂ ಕೇಳಲಿಲ್ಲ, ಅವನೂ ಬಾಯಿ ಬಿಡಲಿಲ್ಲ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಕೊಳಲನ್ನು ಅಲ್ಲೇ, ರಸ್ತೆಯ ಮೇಲೇ, ಮೇಡಂಗೆ ಹಿಂದಿರುಗಿಸಿದ್ದನಂತೆ. ನಾಲ್ಕು ಬೈದಿದ್ದರೆ ಅವಳ ಎದೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ.

ಮೂರನೆಯ ದಿನ ಅವಳು ಆಸ್ಪತ್ರೆಗೆ ಹೋದಳು. ಮುದುಕನ ಮಂಚದ ಪಕ್ಕದಲ್ಲಿ ಆಗಲೇ ಮೇಡಂ ಕೂತಿದ್ದಳು, ದನಿಯಿಂದಲೇ ಗುರುತು ಸಿಕ್ಕಿತು. ವಯಸ್ಸು ಹೆಚ್ಚುಕಮ್ಮಿ ತನ್ನದೇ, ನೋಡಲೂ ಚೆಂದವೇ ಇದ್ದಳು. ಇಲ್ಲಿಗೂ ಇವಳೇ ಮೊದಲು ಬಂದಳಲ್ಲ ಎಂದು ಮತ್ತೆ ಹೊಟ್ಟೆಕಿಚ್ಚು ಎದ್ದಿತು. ಕಾಲು ಮುರಿದು ಬಿದ್ದವನ ಮುಂದೆ ನಿಂತು ಹೀಗನ್ನಿಸಿತಲ್ಲ ಎಂದು ಅವಳಿಗೆ ಅವಳ ಮೇಲೇ ಹೇಸಿಗೆಯಾಯಿತು.

ಮುದುಕ ತನ್ನ ಪಾಡಿಗೆ ಹೇಳುತ್ತಿದ್ದ. "ಅವನು ನನ್ನ ನೋಡಿದ ಕಣಮ್ಮ. ಕಣ್ಣು ನೆಟ್ಟಗೆ ನನ್ನ ಮೇಲೇ ಇತ್ತು. ನೋಡ್ತಾ ನೋಡ್ತಾನೇ ಬಂದು ಗುದ್ದಿದ. ಅದು ಹೆಂಗೆ ಅಂತ ನಂಗಿನ್ನೂ ತಿಳೀತಿಲ್ಲ."

"ಯಾರ ಜೊತೆಗೋ ಮಾತಾಡ್ತಿದ್ರು" ಎಂದಳು ಮೇಡಂ. "ಯಾರೋ ಜೋರಾಗಿ ಬೈತಿದ್ದ ಹಾಗಿತ್ತು."

ಅವಳು ಮಂಚದ ಕಂಬಿ ಹಿಡಿದುಕೊಂಡಳು. "ನಾನೇ. ಅವರ ಹೆಂಡ್ತಿ. ಕಣ್ಣು ನಿಮ್ಮ ಮೇಲಿತ್ತು ಅಜ್ಜ, ಜೀವ ಪೂರ್ತಿ ನನ್ನ ಹತ್ರ ಸಿಕ್ಕಾಕ್ಕೊಂಡಿತ್ತು."

ಮುದುಕ ಅವಳ ಕಡೆ ತಿರುಗಿದ. "ಏನ್ ಅಂಥಾ ಅವಸರದ ಮಾತು?" ಎಂದ. ಮೇಡಂ ತಲೆ ತಗ್ಗಿಸಿದಳು. ಆ ಮಾತು ತನ್ನ ಕುರಿತೇ ಎಂದು ಅವಳಿಗೆ ಅರ್ಥವಾಗಿತ್ತು.

ಆ ತಿಂಗಳ ಕೊನೆಗೆ ಚಾಲಕರ ಸಂಘದ ಸಭೆ. ಗಾಡಿ ಓಡಿಸುವಾಗ ಕಿವಿಗೆ ಹಾಕಿಕೊಂಡು ಮಾತಾಡುವುದನ್ನೂ ನಿಲ್ಲಿಸಬೇಕೋ ಬೇಡವೋ ಎಂದು ಸಾರಿಗೆ ಕಚೇರಿ ಅಭಿಪ್ರಾಯ ಕೇಳಿತ್ತು. ಅವಳು ಗಂಡನ ಬೆನ್ನಿಗೇ ಹೋಗಿ ಕೊನೆಯ ಕುರ್ಚಿಯಲ್ಲಿ ಕೂತಳು.

"ಕೈ ಖಾಲಿ, ಕಣ್ಣು ರೋಡಿನ ಮೇಲೆ. ಇನ್ನೇನ್ ಬೇಕಂತೆ ಇವರಿಗೆ?" ಎಂದು ಅಧ್ಯಕ್ಷರು ಮೇಜು ಕುಟ್ಟಿದರು.

"ಗಿರಾಕಿ ಫೋನ್ ಎತ್ತಬಾರದು ಅಂದ್ರೆ ಹೊಟ್ಟೆಗೇನ್ ಮಾಡೋಣ?" ಎಂದ ಒಬ್ಬ ಡ್ರೈವರು. "ಹಿಂದೆ ಕೂತೋರ ಹತ್ರ ಮಾತಾಡಲ್ವಾ? ಅದಕ್ಕೂ ಇದಕ್ಕೂ ಏನ್ ವ್ಯತ್ಯಾಸ?"

ಸಭೆ ಹೌದು ಹೌದು ಎಂದಿತು. ಅವಳು ಎದ್ದು ನಿಂತಳು. ಗಂಡ ತಿರುಗಿ ನೋಡಿ, ಬೇಡ ಎಂಬಂತೆ ಕೈ ಮಾಡಿದ.

"ವ್ಯತ್ಯಾಸ ಇದೆ ಅಣ್ಣ. ನಾನು ಹೇಳ್ತೀನಿ. ಹಿಂದೆ ಕೂತೋರಿಗೆ ರಸ್ತೆ ಕಾಣುತ್ತೆ. ಲಾರಿ ಅಡ್ಡ ಬಂದ್ರೆ ಅವರು ಮಾತು ನಿಲ್ಲಿಸ್ತಾರೆ. ಆವತ್ತು ಗಾಡೀಲಿ ಒಬ್ಬರು ಮೇಡಂ ಇದ್ರು. ಮುಂದೆ ನೋಡಿ ಅಂತ ಕೂಗಿದ್ದು ಅವರು. ಅವರು ಕೂಗದೆ ಇದ್ದಿದ್ರೆ ಅಜ್ಜ ಉಳೀತಿರ್ಲಿಲ್ಲ." ಆ ಮಾತು ಅವಳ ಬಾಯಿಂದ ಹೊರಡುವುದಕ್ಕೆ ಎಷ್ಟು ಕಷ್ಟಪಟ್ಟಿತೋ ಅವಳಿಗೇ ಗೊತ್ತು. "ನಾನು ಮನೇಲಿ ಗೋಡೆ ನೋಡ್ಕೊಂಡು ಕೂತಿದ್ದೆ. ನಂಗೆ ರಸ್ತೆ ಕಾಣ್ತಿರ್ಲಿಲ್ಲ. ಆ ಮೇಡಂ ಮೇಲೆ ಹೊಟ್ಟೆ ಉರ್ಕೊಂಡು ಇವರನ್ನ ಕಿತ್ತು ತಿಂತಿದ್ದೆ. ಕೈ ಖಾಲಿ ಇತ್ತು, ಸರಿ. ತಲೆಯೊಳಗೆ ನಾನು ಕೂತಿದ್ದೆ."

ಯಾರೋ ಕಿಸಕ್ಕೆಂದರು. ಆಮೇಲೆ ಗಂಡಸರು ಒಬ್ಬೊಬ್ಬರಾಗಿ ತಮ್ಮ ಫೋನುಗಳ ಕಡೆ ನೋಡಿಕೊಂಡರು.

ಸಂಘ ಕೊನೆಗೆ ಅರ್ಧಂಬರ್ಧ ತೀರ್ಮಾನ ಮಾಡಿತು. ಗಾಡಿ ಓಡುವಾಗ ಕರೆ ಬೇಡ, ಬಂದರೆ ಬದಿಗೆ ನಿಲ್ಲಿಸಿ ಮಾತಾಡುವುದು. ಅರ್ಧ ಜನ ಪಾಲಿಸಿದರು, ಉಳಿದವರು ಪಾಲಿಸಲಿಲ್ಲ.

"ಇಡೀ ಊರಿಗೇ ಗೊತ್ತಾಯ್ತು, ನಿಧಾನಣ್ಣನ ಹೆಂಡ್ತಿಗೆ ಅನುಮಾನ ಅಂತ" ಎಂದು ಗಂಡ ನಾಲ್ಕು ದಿನ ಮುಖ ಊದಿಸಿಕೊಂಡ. ಬ್ಲೂಟೂತನ್ನು ಮಾತ್ರ ಮತ್ತೆ ಹಾಕಲಿಲ್ಲ.

ಮನೆ ಮೌನವಾಯಿತು. ಅವನೀಗ ಎಲ್ಲಿದ್ದಾನೆ, ಯಾರ ಜೊತೆ ನಗುತ್ತಿದ್ದಾನೆ, ಏನೂ ತಿಳಿಯದೆ ಹೊಲಿಯುವುದನ್ನು ಅವಳು ಕಲಿಯಬೇಕಾಯಿತು. ಮುದುಕನಿಗೆ ಕೀಲಿಕೈ ತುಂಬಲು ದಪ್ಪ ಕ್ಯಾನ್ವಾಸಿನ ಚೀಲ ಹೊಲಿದು ತಾನೇ ಕೊಟ್ಟುಬಂದಳು. ಅವನು ಇಸಿದುಕೊಂಡ, ನಗಲಿಲ್ಲ. ಕಾಲು ಕುಂಟಾಗಿಯೇ ಉಳಿಯಿತು.

ಮೇಡಂ ಈಗ ಬೇರೆಯವರ ಗಾಡಿಯಲ್ಲಿ ಹೋಗುತ್ತಿದ್ದಳು. ಒಂದು ದಿನ ಸೀಟು ಕವರು ಒಯ್ಯಲು ಬಂದ ಡ್ರೈವರು ಹೇಳಿದ, "ಪಿಟೀಲು ಮೇಡಂ ಅಣ್ಣನ್ನ ಕೇಳಿದೆ ಅಂತ ಹೇಳಿ ಅಂದ್ರು ಅಕ್ಕ."

ಆ ಮಾತನ್ನು ಅವಳು ಮೂರು ದಿನ ಹೊಟ್ಟೆಯಲ್ಲೇ ಇಟ್ಟುಕೊಂಡಳು. ಹೇಳದಿದ್ದರೆ ಕೇಳುವವರು ಯಾರೂ ಇರಲಿಲ್ಲ. ನಾಲ್ಕನೆಯ ದಿನ ಊಟಕ್ಕೆ ಬಡಿಸುತ್ತಾ ಅಂದಳು, "ಆ ಮೇಡಂ ನಿಮ್ಮನ್ನ ಕೇಳಿದ್ರಂತೆ."

ಅವನ ಕೈ ತಟ್ಟೆಯಲ್ಲಿ ಒಂದು ಗಳಿಗೆ ನಿಂತಿತು. "ಹೌದಾ?" ಎಂದ. ಮುಖದಲ್ಲಿ ಏನೋ ಬೆಳಕು ಕಂಡಂತಾಯಿತು, ಅಥವಾ ಅವಳಿಗೆ ಹಾಗನ್ನಿಸಿತು. ಎದೆಯಲ್ಲಿ ಹಳೆಯ ಬೆಂಕಿ ಒಮ್ಮೆ ಭುಗ್ಗೆಂದಿತು. ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ನುಂಗಿ, "ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದಳು.

"ಹಾಕು" ಎಂದ ಅವನು. ಎರಡು ತುತ್ತು ತಿಂದು ತಾನಾಗಿಯೇ ಶುರು ಮಾಡಿದ. "ಇವತ್ತು ಮಾರ್ಕೆಟ್ ಹತ್ರ ಒಬ್ಬ ಗಿರಾಕಿ ಏನ್ ಮಾಡಿದ ಗೊತ್ತಾ..."

ಕಥೆಯಲ್ಲಿ ಅಂಥ ಸ್ವಾರಸ್ಯವೇನೂ ಇರಲಿಲ್ಲ. ಅವಳು ಸೌಟು ಕೆಳಗಿಟ್ಟು, ಎದುರಿಗೆ ಕೂತು, ಕೊನೆಯವರೆಗೂ ಕೇಳಿದಳು.