ಮಾವನವರಿಗೆ ಕರೆಂಟ್ ಇಟ್ಟ ದಿನಗಳು

ನಮ್ಮ ಮಾವನವರ ಕೆಳತುಟಿ ಸದಾ ಅರ್ಧ ಬೆರಳಷ್ಟು ಮುಂದೆ ಚಾಚಿಕೊಂಡಿರುತ್ತಿತ್ತು, ಈಗಷ್ಟೇ ಯಾರಿಗೋ ಉಗಿದು ಬಂದವರ ಹಾಗೆ. ನಿದ್ದೆಯಲ್ಲೂ ಅದು ಒಳಗೆ ಹೋಗುತ್ತಿರಲಿಲ್ಲ. ಕಮಲಾಪುರದಲ್ಲಿ ಅವರದು ಕೆಂಬಾಳೆ ತೋಟ. ಆ ತೋಟದ ಹಣ್ಣೊಂದನ್ನು ಬಿಟ್ಟು ಜಗತ್ತಿನಲ್ಲಿ ಇನ್ನೇನನ್ನಾದರೂ ಅವರು ಮೆಚ್ಚಿದ್ದನ್ನು ನಾನು ಕಾಣೆ. ಕಲಬುರಗಿಯ ಪೇಟೆಬೀದಿ ಸೂಪರ್ ಮಾರ್ಕೆಟ್‌ನಲ್ಲಿ ಹಳದಿ ಬಾಳೆ ಮಾರುವವನ ಬಂಡಿಯ ಮುಂದೆ ನಿಂತು, "ಇದನ್ನ ದನಾನೂ ಮೂಸಂಗಿಲ್ಲೋ, ನೀ ಮಂದಿಗಿ ತಿನಸ್ತಿ" ಎಂದು ಹೇಳಿ, ಏನೂ ಕೊಳ್ಳದೆ ಮುಂದೆ ಹೋಗುವ ಮನುಷ್ಯ.

ನಾನು ಆ ಮನೆಯ ಕಿರಿಯ ಸೊಸೆ. ಸೊಸೆಯಾದವಳು ಮಾವನೊಡನೆ ನೇರವಾಗಿ ಮಾತಾಡಬಾರದು ಎಂಬುದು ಮನೆಯ ಪದ್ಧತಿ. ಪದ್ಧತಿ ಮಾತಾಡಲು ಅಡ್ಡ ಬರುತ್ತಿತ್ತೇ ಹೊರತು ಬೈಯಲು ಅಲ್ಲ. ಅತ್ತೆ ಇರುವವರೆಗೆ ಅತ್ತೆಗೆ ಹೇಳುತ್ತಿದ್ದರು: "ಪಲ್ಯಾಕ್ಕ ಉಪ್ಪು ಹಾಕೋದು ಆಕಿ ತವರ್ಮನ್ಯಾಗ ಕಲಿಸಿಲ್ಲೇನು, ಕೇಳು." ಅತ್ತೆ ತೀರಿಕೊಂಡ ಮೇಲೆ ಗೋಡೆಗೆ ಹೇಳತೊಡಗಿದರು. ನಾನೂ ಸೆರಗು ಎಳೆದುಕೊಂಡು ಗೋಡೆಗೇ ಉತ್ತರ ಕೊಡುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು.

ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾದಾಗ ಮನೆಯ ಉಳಿದ ಗಂಡಸರ ಬಂಡವಾಳ ಬಯಲಾಯಿತು. ಮೂತ್ರಚೀಲದ ಕೆಳಗೆ, ಗಂಡಸರಿಗೆ ಮಾತ್ರ ಇರುವ ಗ್ರಂಥಿ ಅದು. ಹೇಳಲು ನಾಚಿಕೆ! ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, "ಅಪ್ಪಗ ಹರಳಾಗ್ಯಾವ" ಎಂದು ಊರಿಗೆಲ್ಲ ಸಾರಿದರು. ಡಾಕ್ಟರು ವಾರಗಟ್ಟಲೆ, ಶನಿವಾರ ಭಾನುವಾರ ಬಿಟ್ಟು ದಿನಾಲೂ, ರೇಡಿಯೇಷನ್ ಕೊಡಬೇಕು ಎಂದರು. ನಮ್ಮ ಕಡೆ ಅದಕ್ಕೆ ಕರೆಂಟ್ ಇಡುವುದು ಅನ್ನುತ್ತಾರೆ. ಭಾವನ ಮನೆ ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ. ಅಲ್ಲಿದ್ದರೆ ಆಸ್ಪತ್ರೆಗೆ ಆಟೋದಲ್ಲಿ ಹೋಗಿ ಬರಬಹುದಿತ್ತು. ಆದರೆ ಭಾವನ ಹೆಂಡತಿ, ನನ್ನ ನೆಗೆಣ್ಣಿ, "ಕರೆಂಟ್ ಇಟ್ಟ ಮೈ, ಮಕ್ಕಳಿಗಿ ತಾಗ್ತದ" ಎಂದಳು. ಯಂತ್ರ ಹೊರಗಿನಿಂದ ಬಿಡುವ ಕಿರಣ ರೋಗಿಯ ಮೈಯಲ್ಲಿ ಉಳಿಯುವುದಿಲ್ಲ, ಯಾರಿಗೂ ತಾಗುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಭಾವ ಫಿಸಿಕ್ಸ್ ಎಂ.ಎಸ್ಸಿ. ಆ ಪದವಿಯನ್ನು ಅವತ್ತು ಎಲ್ಲಿ ಅಡವಿಟ್ಟಿದ್ದರೋ, ತುಟಿ ಬಿಚ್ಚಲಿಲ್ಲ. ನನ್ನ ಗಂಡನಿಗೆ ಅಂಗಡಿ ಬಿಟ್ಟು ಬರಲಾಗದಂತೆ. ಕೊನೆಗೆ ಕಮಲಾಪುರದಿಂದ ದಿನಾ ಬಸ್ಸು ಹತ್ತಿದವರು ನಾನು ಮತ್ತು ಮಾವ. ಅವರು ಮುಂದಿನ ಸೀಟು, ನಾನು ಹಿಂದಿನದು.

ಮೊದಲ ದಿನವೇ ಫಜೀತಿ. ಯಂತ್ರ ನಡೆಸುವ ಹುಡುಗಿ ನನ್ನನ್ನು ಕರೆದು ಹೇಳಿದಳು: "ಅಕ್ಕಾರ, ಇವರಿಗೆ ಮೊದಲೇ ನೀರು ಕುಡಿಸ್ರಿ. ಒಳಗ ಹೋಗೋತನಕ ಒಂದಕ್ಕ ಬಿಡಬ್ಯಾಡ್ರಿ. ಮೂತ್ರಚೀಲ ತುಂಬಿದ್ರ ಅದು ಮ್ಯಾಲ ಸರೀತದ. ಇಲ್ಲಂದ್ರ ಚಲೋ ಇರೋ ಜಾಗಕ್ಕೂ ಕರೆಂಟ್ ಬೀಳ್ತದ."

ಇದನ್ನು ನಾನು ಮಾವನಿಗೆ ಹೇಳಬೇಕು! ಆಸ್ಪತ್ರೆಯ ಗೋಡೆಯ ಕಡೆ ತಿರುಗಿ, "ನೀರು ಕುಡೀಬೇಕಂತ. ಒಂದಕ್ಕ ಹೋಗಬಾರದಂತ" ಎಂದೆ. ಅವರು ಫ್ಯಾನಿನ ಕಡೆ ನೋಡಿ, "ಗೊತ್ತದ" ಎಂದರು. ಗೊತ್ತಿದ್ದದ್ದು ಅಷ್ಟರಲ್ಲೇ ಇತ್ತು. ಒಂದೆರಡು ದಿನ ಹೇಗೋ ನಡೆಯಿತು. ಆಮೇಲೊಮ್ಮೆ ಸರದಿ ಬರುವ ಮುಂಚೆ ಸದ್ದಿಲ್ಲದೆ ಪಾಯಿಖಾನೆಗೆ ಹೋಗಿ ಬಂದು, ಕೇಳಿದರೆ ಹೋಗಿಲ್ಲ ಎಂದು ತಲೆಯಾಡಿಸಿದರು. ಮೇಜಿನ ಮೇಲೆ ಮಲಗಿಸಿ ಸ್ಕ್ಯಾನ್ ತೆಗೆದಾಗ ಚೀಲ ಖಾಲಿ. ಎಬ್ಬಿಸಿ ಹೊರಗೆ ಕಳಿಸಿದರು. ಮಾವ ಕೆಂಡವಾದರು.

"ನನ್ನ ಉಚ್ಚಿ ಲೆಕ್ಕ ಕೇಳೋ ಹುಡುಗಿ ಇನ್ನಾ ಹುಟ್ಟಿಲ್ಲ!"

"ಹುಟ್ಟೀನ್ರಿ ಯಜಮಾನ್ರ, ಇಲ್ಲೇ ನಿಂತೀನಿ. ನೀರು ಕುಡೀರಿ," ಎಂದಳು ಆಕೆ.

ಅವರು ಕುಡಿಯಲಿಲ್ಲ. ಧೋತರ ಕೊಡವಿಕೊಂಡು ಬಸ್ ನಿಲ್ದಾಣಕ್ಕೆ ನಡೆದೇಬಿಟ್ಟರು. ಅಲ್ಲಿ ಕಂಬವೊಂದಕ್ಕೆ ಹೇಳಿದರು: "ನಾಳಿಂದ ಬರಂಗಿಲ್ಲ. ಸತ್ರ ಸಾಯ್ತೀನಿ."

ನನಗೆ ನೆತ್ತಿಗೇರಿತು. ಈ ಮನುಷ್ಯನ ಮೇಲೆ ನನಗೆ ಕರುಣೆ ಇತ್ತು ಅಂದುಕೊಳ್ಳಬೇಡಿ. ಬೇಗ ಹಿಡಿದಿದೆ, ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದ ರೋಗವನ್ನು ಬರೀ ಸೊಕ್ಕಿಗೆ ಬೆಳೆಸಿಕೊಳ್ಳುತ್ತಾನಲ್ಲ ಎಂಬ ಸಿಟ್ಟು. ಅವರ ಎದುರಿಗೇ ಹೋಗಿ ನಿಂತೆ.

"ಮಾವಾರ, ನಿಮ್ಮ ಮಕ್ಕಳು ನಾಚ್ಕಿ ಅಂತ ಮನ್ಯಾಗ ಕುಂತಾರ. ನೀವೂ ಕೂಡ್ರಿ. ಆದ್ರ ನಾಳಿ ಬಸ್ ಹತ್ತಲಿಲ್ಲ ಅಂದ್ರ ಓಣ್ಯಾಗ ಮನಿಮನಿಗಿ ಹೋಗಿ ಹೇಳ್ತೀನಿ, ಹರಳಲ್ಲ, ಇಂಥಾ ಜಾಗದಾಗ ಕ್ಯಾನ್ಸರ್ ಅಂತ."

"ಯಾರ ಮುಂದ ಮಾತಾಡ್ಲಕತ್ತಿ, ಗೊತ್ತದೇನು?"

"ಗೊತ್ತದ್ರಿ. ಒಂದಕ್ಕ ಹೋಗಿದ್ದಕ್ಕೂ ಸುಳ್ಳು ಹೇಳೋರ ಮುಂದ."

ಪಕ್ಕದಲ್ಲಿ ಸಂಚಿ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. ಮಾವ ನನ್ನ ಮುಖ ನೋಡಿದ್ದು ಅವತ್ತೇ ಮೊದಲಿರಬೇಕು.

ಮರುದಿನ ಅವರು ನನಗಿಂತ ಮೊದಲು ಬಸ್ಸಿನಲ್ಲಿದ್ದರು. ಬದಲಾದರು ಅನ್ನಬೇಡಿ, ಎಲ್ಲಿಯ ಬದಲು! ಕಾಯುವ ಕೋಣೆಯಲ್ಲಿ ಎಲ್ಲರ ನಡುವೆ ಎದ್ದು ನಿಂತು, ಪಂಚಾಯಿತಿ ತೀರ್ಪು ಕೊಡುವವರಂತೆ "ತುಂಬ್ಯಾದ!" ಎಂದು ಘೋಷಿಸತೊಡಗಿದರು. ತಡೆಯಲಾರದೆ ಓಡುವ ಬೇರೆ ಮುದುಕರನ್ನು ನೋಡಿ, "ಇಷ್ಟೂ ದಮ್ ಇಲ್ಲ, ಗಂಡಸರಂತ ಗಂಡಸರು" ಎನ್ನುತ್ತಿದ್ದರು. ಮುಂದೆ ಅವರಿಗೂ ಉರಿಮೂತ್ರ ಶುರುವಾಯಿತು, ಸುಸ್ತು ಹೆಚ್ಚಿತು. ಎರಡು ಸಲ ದಾರಿಯಲ್ಲಿ ಬಸ್ಸು ನಿಲ್ಲಿಸಬೇಕಾಯಿತು. ನಿಲ್ಲಿಸಿದ ಕಂಡಕ್ಟರನಿಗೂ ಬೈದರು. ಆದರೆ ಒಂದು ದಿನವನ್ನೂ ತಪ್ಪಿಸಲಿಲ್ಲ.

ಕೊನೆಯ ದಿನ ಡಾಕ್ಟರು, "ತಂದೆಗೆ ಬಂದ್ರ ಮಕ್ಕಳಿಗೂ ಬರಬಹುದು. ವಯಸ್ಸಾದ ಮ್ಯಾಲ ಅವರದೂ ರಕ್ತ ತಪಾಸ್ ಮಾಡಿಸ್ರಿ" ಎಂದರು. ಆ ಭಾನುವಾರ ಮಾವ ಭಾವನನ್ನು ಕಮಲಾಪುರಕ್ಕೆ ಕರೆಸಿ ವಿಷಯ ಹೇಳಿದರು. ಭಾವ ಹಲ್ಲು ಕಿರಿದು, "ನಮಗೇನಾಗ್ಯಾದಪ್ಪ, ಗಟ್ಟಿ ಇದ್ದೀವಿ" ಎಂದರು. ನನ್ನ ಗಂಡ ಅಂಗಳ ನೋಡುತ್ತ ಕೂತ. ಮಾವ ಒಳಗಿದ್ದ ನನ್ನನ್ನು ಅವರ ಎದುರಿಗೇ ಕರೆದರು.

"ಇವರು ನನ್ನ ಮಕ್ಕಳು. ಸೊಕ್ಕು ನನ್ನದ ಬಂದದ, ಬ್ಯಾನಿನೂ ಬರಬಹುದು. ಹೇತ್ಲಾಂಡಿಗಳು, ತಾವಾಗಿ ಹೋಗಂಗಿಲ್ಲ. ಎಳಕೊಂಡು ಹೋಗಾಕಿ ನೀನ. ಬೈದ್ರ ತಿರುಗಿ ಬೈಯಿ, ನಾ ಹೇಳೀನಂತ ಹೇಳು."

ಆಮೇಲೆ ಕೆಲವು ವರ್ಷ ಬದುಕಿದರು. ಕ್ಯಾನ್ಸರ್ ಮರಳಲಿಲ್ಲ, ಹೋದ ವರ್ಷ ಎದೆನೋವು ಬಂದು ಹೋದರು. ಮಾತಾಡಿಸಲು ಬಂದ ಮಂದಿಯ ಮುಂದೆ ಭಾವ ಕಣ್ಣೊರೆಸಿಕೊಂಡು, "ಅಪ್ಪನ ಸಲುವಾಗಿ ನಾವು ಬಾಳ ಓಡಾಡೀವಿ" ಎಂದರು. ನನಗೆ ಸಾವಿನ ಮನೆಯಲ್ಲಿ ನಗು ತಡೆಯಲಾಗಲಿಲ್ಲ.

ಕಾರ್ಯ ಮುಗಿದ ವಾರವೇ, ವಯಸ್ಸಾಗಲಿ ನೋಡೋಣ ಎಂದು ಇಷ್ಟು ವರ್ಷ ಜಾರಿಕೊಂಡಿದ್ದ ಗಂಡನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. "ಯಾರರ ನೋಡಿದ್ರ?" ಎಂದು ದಾರಿಯುದ್ದಕ್ಕೂ ಗೊಣಗಿದ. ರಕ್ತದಲ್ಲಿ ಆ ಗ್ರಂಥಿಯ ಅಂಶ ಹೆಚ್ಚಿತ್ತು, ಅದರ ಚೂರು ತೆಗೆದು ನೋಡಿದರು, ಅಪ್ಪನದೇ ರೋಗ. ಸಣ್ಣದಿದೆ, ವೇಳೆಗೆ ಬಂದಿರಿ ಎಂದರು ಡಾಕ್ಟರು. ಆಟೋದಲ್ಲಿ ನನ್ನ ಗಂಡ ಮಗುವಿನಂತೆ ಅತ್ತ. ಮಾವ ಬದುಕಿದ್ದಾಗ ನನಗೆ ಸೇರಲಿಲ್ಲ, ಸತ್ತರೆಂದು ಈಗ ದೇವರು ಮಾಡುವುದೂ ಇಲ್ಲ. ಆದರೆ ನನ್ನ ಗಂಡನ ಜೀವ ಆ ಕೆಟ್ಟ ಬಾಯಿಯ ಋಣ.

ಭಾವ ಈಗ ನನ್ನ ಫೋನ್ ಎತ್ತುತ್ತಿಲ್ಲ. ನಾಳೆ ಖೂಬಾ ಪ್ಲಾಟ್‌ಗೆ ಹೋಗಿ ಅವರ ಬಾಗಿಲಲ್ಲೇ ನಿಲ್ಲುತ್ತೇನೆ.