‘ಪ್ರಶ್ನೆ ಕೇಳಲು ನಿರಾಕರಿಸಿದ್ದಾನೆ’

ನನ್ನ ಕಾಕಾನ ಮಗನ ಕೋರ್ಟ್ ಮಾರ್ಷಲ್ ಕಾಗದಗಳು ಒಂದು ದಪ್ಪ ಕಟ್ಟಾಗಿದ್ದವು. ಅವನನ್ನು ಮುಳುಗಿಸಿದ್ದು ಅದರೊಳಗಿನ ಒಂದೇ ಸಾಲು: ‘ಆರೋಪಿ ಈ ಸಾಕ್ಷಿಗೆ ಪ್ರಶ್ನೆ ಕೇಳಲು ನಿರಾಕರಿಸಿದ್ದಾನೆ.’ ಕೆಳಗೆ ಅವನದೇ ಸಹಿ.

ಈ ನನ್ನ ತಮ್ಮ ಐಗಳಿಯವನು, ಸೈನ್ಯದಲ್ಲಿ ಹವಾಲ್ದಾರ. ಹತ್ತೊಂಬತ್ತು ವರ್ಷ ನೌಕರಿ ಮಾಡಿದ್ದ. ತನ್ನ ವಶದಲ್ಲಿದ್ದ ಉಗ್ರಾಣದಿಂದ ಕಂಬಳಿ ಕದ್ದಿದ್ದಾನೆ ಎಂಬ ಆರೋಪ ಅವನ ಮೇಲೆ ಬಂತು. ಸಾಬೀತಾದರೆ ನೌಕರಿಯೂ ಇಲ್ಲ, ಪಿಂಚಣಿಯೂ ಇಲ್ಲ. ಅಥಣಿಯಲ್ಲಿ ಪತ್ರಿಕೆಯ ವರದಿಗಾರನಾಗಿದ್ದ ನನಗೆ, ನಡೆದದ್ದನ್ನು ಕ್ರಮವಾಗಿ ಬರೆದು ಅವನ ವಕೀಲರಿಗೆ ಕೊಡುವ ಕೆಲಸ ಬಂತು.

ಬರೆದದ್ದು ಇಷ್ಟು. ಉಗ್ರಾಣವನ್ನು ಅವನಿಗೆ ವಹಿಸಿಕೊಟ್ಟವರು ತೆಲಸಂಗದ ಸುಬೇದಾರರು. ಅವರ ಪಡೆ ಇದ್ದ ಹಿಮದ ಸೀಮೆಯಲ್ಲಿ ಕನ್ನಡ ಮಾತಾಡುತ್ತಿದ್ದವರು ಅವರಿಬ್ಬರೇ. ತಮ್ಮ ಅವರನ್ನು ಕಾಕಾ ಎನ್ನುತ್ತಿದ್ದ. ರಜೆ ಮುಗಿಸಿ ಹೋಗುವಾಗ ಅವರಿಗೆಂದೇ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಳ್ಳುತ್ತಿದ್ದ. ಉಗ್ರಾಣ ವಹಿಸಿಕೊಳ್ಳುವವನು ಹೊಲಿದಿಟ್ಟ ಕಂಬಳಿ ಗಂಟುಗಳನ್ನು ಬಿಚ್ಚಿ ನೋಡಿಯೇ ಸಹಿ ಮಾಡಬೇಕು. ನಮ್ಮ ಕಡೆಯ ಹಿರಿಯರ ಕಣ್ಣೆದುರು ಗಂಟು ಬಿಚ್ಚಿದರೆ ಅವರನ್ನು ಕಳ್ಳರೆಂದ ಹಾಗಾಗುತ್ತದೆ ಎಂದುಕೊಂಡು ಇವನು ಹಾಗೆಯೇ ಸಹಿ ಮಾಡಿದ. ಮುಂದಿನ ಚಳಿಗಾಲದಲ್ಲಿ ಬಿಚ್ಚಿದಾಗ ಮೇಲೆ ಕೆಳಗೆ ಹೊಸ ಕಂಬಳಿ, ನಡುವೆ ಹರಕು ಬಟ್ಟೆ.

ವಿಚಾರಣೆಗೆ ಮೊದಲು ಸೈನ್ಯದಲ್ಲಿ ಸಾಕ್ಷಿಗಳ ಹೇಳಿಕೆಗಳನ್ನು ಆರೋಪಿಯ ಎದುರೇ ಬರೆದುಕೊಳ್ಳುತ್ತಾರೆ. ಪ್ರತಿ ಸಾಕ್ಷಿ ಮುಗಿದ ಮೇಲೆ, ಇವರಿಗೆ ಏನಾದರೂ ಕೇಳುವುದಿದೆಯೇ ಎಂದು ಆರೋಪಿಯನ್ನು ಕೇಳುತ್ತಾರೆ. ಎಲ್ಲ ಗಂಟುಗಳನ್ನೂ ಬಿಚ್ಚಿ ತೋರಿಸಿಯೇ ಕೊಟ್ಟೆ ಎಂದು ಸುಬೇದಾರರು ಬರೆಸಿದರು. ತಮ್ಮ ಎದ್ದು ನಿಂತು, ಕೇಳುವುದು ಏನೂ ಇಲ್ಲ ಎಂದ.

ವಕೀಲರು ಮಿರಜದವರು, ಸ್ವತಃ ನಿವೃತ್ತ ಮೇಜರ್. ಆ ಪುಟವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

“ಫೌಜಿನಾಗ ದೊಡ್ಡವರಿಗೆ ಎದುರು ಮಾತಾಡಾಕ ಇದೊಂದು ಜಾಗಾ ಐತ್ರಿ. ಇಲ್ಲೂ ನಿಮ್ಮ ತಮ್ಮ ಬೀಗರ ಮನ್ಯಾಗ ಕುಂತಂಗ ಕುಂತಾನಲ್ಲ.”

ಬಿಚ್ಚದೆ ಸಹಿ ಮಾಡಿದ್ದು ತಪ್ಪೇ, ಅದಕ್ಕೆ ಸಣ್ಣ ಶಿಕ್ಷೆ ಆಗಬಹುದು. ಆದರೆ ಗಂಟು ಬಿಚ್ಚಿರಲಿಲ್ಲ ಎಂದು ಸುಬೇದಾರರು ಒಪ್ಪಿದರೆ ಕಳ್ಳತನದ ಆರೋಪ ನಿಲ್ಲುವುದಿಲ್ಲ ಎಂದರು. ನಾನು ಫೋನಿನಲ್ಲಿ ತಮ್ಮನಿಗೆ ಇದನ್ನು ತಿಳಿಸಿದೆ. ಕಾಕಾನಿಗೆ ಮರೆತಿರಬೇಕು, ಕೋರ್ಟಿನಲ್ಲಿ ಸರಿಯಾಗಿ ಹೇಳುತ್ತಾರೆ ಎಂದ.

ಸುಬೇದಾರರು ಅಷ್ಟರಲ್ಲಿ ನಿವೃತ್ತರಾಗಿ ಕಾಗವಾಡದ ಹತ್ತಿರ ದ್ರಾಕ್ಷಿ ಪಡ, ಅಂದರೆ ತೋಟ ಮಾಡಿಕೊಂಡಿದ್ದರು. ಹೋಗಿ ಕಂಡೆ. ಚಹಾ ಕೊಟ್ಟರು. ಹೇಳಿಕೆ ಬರೆದುಕೊಂಡವರು ಹೆಚ್ಚುಕಡಿಮೆ ಬರೆದಿದ್ದಾರೆ, ತಾವು ನೋಡದೆ ಸಹಿ ಮಾಡಿದ್ದಾಗಿ ಹೇಳಿದರು.

“ಅವ ನನ್ನ ಮಗಾ ಇದ್ದಂಗ್ರಿ,” ಎಂದರು. “ಗಂಟು ಬಿಚ್ಚಿದ್ದಿಲ್ಲ ಅಂತ ಕೋರ್ಟಿನಾಗ ಹೇಳತೀನಿ. ನೀವ್ ಆರಾಮ ಹೋಗ್ರಿ.”

ನಾನು ಅದನ್ನು ಬರೆದುಕೊಳ್ಳಲಿಲ್ಲ. ಯಾರದೇ ಮಾತನ್ನು ಬರೆದುಕೊಳ್ಳದೆ ನಂಬದಿರುವುದು ನನ್ನ ವೃತ್ತಿಯ ಮೊದಲ ಪಾಠ. ಆದರೆ ಚಹಾ ಕೊಟ್ಟ ಹಿರಿಯರ ಮುಂದೆ ನೋಟ್‌ಬುಕ್ ತೆಗೆಯಲು ನನಗೂ ಸಂಕೋಚವಾಗಿತ್ತು.

ಕೋರ್ಟಿನಲ್ಲಿ ಮೂವರು ಅಧಿಕಾರಿಗಳು ಕುಳಿತಿದ್ದರು. ನನಗೆ ಹಿಂದಿನ ಕುರ್ಚಿ. ಸುಬೇದಾರರು ಪ್ರಮಾಣ ಮಾಡಿ, ಪ್ರತಿ ಗಂಟನ್ನೂ ಬಿಚ್ಚಿ ತೋರಿಸಿದ್ದೆ ಎಂದು ಹಿಂದಿಯಲ್ಲಿ ಹೇಳಿದರು. ವಕೀಲರು ಬಹಳ ಹೊತ್ತು ಅಡ್ಡ ಪ್ರಶ್ನೆ ಹಾಕಿದರು, ಉತ್ತರ ಬದಲಾಗಲಿಲ್ಲ. ಕೊನೆಗೆ ಸರಕಾರದ ಪರ ವಕೀಲರು ಎದ್ದು, ಗಂಟು ಬಿಚ್ಚಿರದಿದ್ದರೆ ಆರೋಪಿ ಹೇಳಿಕೆ ಬರೆದುಕೊಂಡ ದಿನವೇ ಏಕೆ ಕೇಳಲಿಲ್ಲ ಎಂದು ಆ ಒಂದು ಸಾಲನ್ನು ಗಟ್ಟಿಯಾಗಿ ಓದಿದರು.

ಮಧ್ಯಾಹ್ನದ ಬಿಡುವಿನಲ್ಲಿ ಸುಬೇದಾರರು ವರಾಂಡದಲ್ಲಿ ಎದುರಾದರು. ತಮ್ಮ ಎದ್ದು ನಿಂತ.

“ಊಟಾ ಆತೇನ್ರಿ, ಕಾಕಾ?”

ಅವರು ತಲೆಯಾಡಿಸಿ ಮುಂದೆ ಹೋದರು.

ಆರೋಪ ಸಾಬೀತಾಯಿತು. ಶಿಕ್ಷೆ: ನೌಕರಿಯಿಂದ ವಜಾ. ಮೇಲಧಿಕಾರಿ ಒಪ್ಪಿಗೆ ಕೊಟ್ಟ ಮೇಲೆ ಅದು ಜಾರಿಗೆ ಬರುತ್ತದೆ. ಅಷ್ಟರೊಳಗೆ ಅರ್ಜಿ ಹಾಕಬಹುದು. ಆದರೆ ಅರ್ಜಿಯಲ್ಲಿ ಹೊಸದಾಗಿ ಹೇಳುವುದು ಏನಿದೆ ಎಂದರು ವಕೀಲರು.

ತಮ್ಮನಿಗೆ ಕೆಲವು ದಿನ ರಜೆ ಸಿಕ್ಕಿತು. ಮಿರಜದಿಂದ ಅಥಣಿ ಬಸ್ಸಿನಲ್ಲಿ ಬರುತ್ತಿದ್ದೆವು. ಕಾಗವಾಡ ಬಂದಾಗ ಅವನು ಚೀಲ ಹಿಡಿದು ಇಳಿದ. ನಾನೂ ಇಳಿದೆ.

ಸುಬೇದಾರರು ಪಡದ ಬಾಗಿಲಲ್ಲಿ ಪೆಟ್ಟಿಗೆಗಳಿಗೆ ದ್ರಾಕ್ಷಿ ತುಂಬಿಸುತ್ತಿದ್ದರು. ಬರ್ರಿ ಎಂದರು. ತಮ್ಮ ಕೂರಲಿಲ್ಲ.

“ಅವತ್ತು ಗಂಟು ಬಿಚ್ಚಿದ್ವೇನ್ರಿ, ಕಾಕಾ?”

ಅವರು ಕೈಯಲ್ಲಿದ್ದ ಗೊಂಚಲಿನಿಂದ ಕೊಳೆತ ಹಣ್ಣು ತೆಗೆಯುತ್ತಲೇ ಇದ್ದರು.

“ಬಿಚ್ಚಿಲ್ಲಂದ್ರ ತಪ್ಪು ಯಾರದೋ ತಮ್ಮಾ? ಸಹಿ ಮಾಡೋನು ನೀ. ನೀ ಬಿಚ್ಚಿ ನೋಡಬೇಕಿತ್ತು. ನಾ ಏನ್ ನಿನ್ನ ಕೈ ಹಿಡದಿದ್ನೇನ?”

ತಮ್ಮ ಚೀಲ ಎತ್ತಿಕೊಂಡ. ಹೊರಡುವಾಗ ಸುಬೇದಾರರು ಮಕ್ಕಳಿಗೆಂದು ಒಂದು ಪೆಟ್ಟಿಗೆ ಕೊಟ್ಟರು. ಅವನು ಎರಡೂ ಕೈಯೊಡ್ಡಿ ತೆಗೆದುಕೊಂಡ.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟ. ನನ್ನ ಜೇಬಿನ ನೋಟ್‌ಬುಕ್ ಕಡೆ ನೋಡಿದ.

“ಅಣ್ಣಾ, ‘ನೀ ಬಿಚ್ಚಿ ನೋಡಬೇಕಿತ್ತು’ ಅಂದ್ರಲ್ಲ, ಅದನ್ನ ಬರಕೋ. ಅಂದಂಗ ಬರಕೋ. ನೀ ಕೇಳೀದಿ.”

ಸ್ಥಳ, ವೇಳೆ, ಇದ್ದವರು, ಆಡಿದ ಮಾತು: ಎಲ್ಲ ಬರೆದು ಸಹಿ ಮಾಡಿದೆ. ಅವನು ಪೂರ್ತಿ ಓದಿ ನೋಡಿದ ಮೇಲೆಯೇ ತನ್ನ ಸಹಿ ಹಾಕಿದ. ಮರುದಿನ ಅದು ಅರ್ಜಿಯ ಜೊತೆ ಹೋಯಿತು; ಉತ್ತರ ಇನ್ನೂ ಬಂದಿಲ್ಲ. ಅಂದು ಅಥಣಿ ಬಸ್ಸು ಬಂದಾಗ ಪೆಟ್ಟಿಗೆಯನ್ನು ಕಟ್ಟೆಯ ಮೇಲೆಯೇ ಬಿಟ್ಟು ಹತ್ತಿದೆವು.