ಬೇಲಿಯಾಚೆ ತಿನ್ನಿಸಿದ ಮೊಟ್ಟೆ

ಶಿಲ್ಪ ಹುಟ್ಟಿದ್ದು, ಬೆಳೆದಿದ್ದು ಎಲ್ಲ ಚಳ್ಳಕೆರೆಯಲ್ಲೇ. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಮಗಳು ಸಮಾಜಕಾರ್ಯದ ಎಂ.ಎ. ಓದುತ್ತಾಳೆ ಅಂತ ಹಮಾಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. 2001ರ ಬೇಸಿಗೆಯಲ್ಲಿ ತರಬೇತಿಗೆಂದು ಅವಳು ತಳಕಿನ ಒಂದು ಸಂಸ್ಥೆಗೆ ಬಂದಳು. ಸಂಸ್ಥೆ ಅಂದರೆ ಏನು ಮಹಾ, ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆಗೆ ಹಿಡಿದ ಎರಡು ಕೋಣೆ. ಕಷ್ಟದಲ್ಲಿರುವವರ ಮನೆಗೆ ಹೋಗುವುದು, ಕೂತು ಮಾತಾಡುವುದು, ಕಾಯಿಲೆಯವರಿದ್ದರೆ ಆಸ್ಪತ್ರೆಗೆ ಕರೆದೊಯ್ಯುವುದು, ಇಷ್ಟೇ ಕೆಲಸ. ಅದನ್ನು ನಡೆಸುತ್ತಿದ್ದ ಅನ್ನಪೂರ್ಣಮ್ಮ ಮೊದಲ ದಿನವೇ ಹೇಳಿದ್ದರು: "ನೋಡಮ್ಮ, ನಾವು ಯಾರನ್ನೂ ಉದ್ಧಾರ ಮಾಡೋಕೆ ಹೋಗಲ್ಲ. ಮುಂದಿನ ವಾರಾನೂ ಆ ಮನೆಯೋರು ಬಾ ಅನ್ನಬೇಕು. ಅಷ್ಟಾದ್ರೆ ಸಾಕು." ಶಿಲ್ಪ ತಲೆಯಾಡಿಸಿದಳು. ಆ ವಯಸ್ಸಿನಲ್ಲಿ ಅಂಥ ಮಾತು ಕಿವಿಗೆ ಎಲ್ಲಿ ಇಳಿಯುತ್ತದೆ?

ಅವಳ ಪಾಲಿಗೆ ಬಂದದ್ದು ಮ್ಯಾಸನಾಯಕರ ಹಟ್ಟಿಯ ಕ್ಯಾತಮ್ಮನ ಮನೆ. ಮನೆ ಕ್ಯಾತಮ್ಮನದಲ್ಲ, ಅಣ್ಣ ಪಾಲಣ್ಣನದು. ಗಂಡ ಮೊಳಕಾಲ್ಮೂರಿಗೆ ಮಗ್ಗದ ಕೂಲಿಗೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಕ್ಯಾತಮ್ಮ ಮಗಳನ್ನು ಕಂಕುಳಲ್ಲಿಟ್ಟುಕೊಂಡು ತವರಿಗೆ ಬಂದಳು. ಪಾಲಣ್ಣ ಒಂದು ಮಾತೂ ಕೇಳದೆ ಒಳಗೆ ಕರೆದ. ಅವನು ದೇವರ ಎತ್ತುಗಳನ್ನು ಕಾಯುವ ಕಿಲಾರಿ. ಆ ಎತ್ತುಗಳಿಗೆ ನೊಗ ಹೂಡುವಂತಿಲ್ಲ, ಅವನ್ನು ಮಾರುವಂತಿಲ್ಲ. ಅವನ್ನು ಕೂಡಿಹಾಕುವ ರೊಪ್ಪಕ್ಕೆ ಕಾಲಿಡುವವನ ಮನೆಯಲ್ಲಿ ಮೈಲಿಗೆ ಇರಕೂಡದು. ಕೋಳಿಯಾಗಲಿ ಮೊಟ್ಟೆಯಾಗಲಿ ಆ ಹಟ್ಟಿಯ ಬೇಲಿ ದಾಟಿ ಬರುವುದೇ ಇಲ್ಲ. ಕುರಿ ತಿನ್ನುವ ಜನವೇ ಕೋಳಿಯ ಹೆಸರೆತ್ತಿದರೆ ಮುಖ ಕಿವುಚುತ್ತಾರೆ.

ಮಗಳು ಓಬಮ್ಮನಿಗೆ ನಾಲ್ಕು ವರ್ಷ, ನೋಡಿದರೆ ಎರಡು ಅನ್ನಬೇಕು. ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿತ್ತು. ಹಾಲು ಕುಡಿಸಿದರೆ ಭೇದಿ. ಶಿಲ್ಪ ಹೋಗಿ ಬಂದು ಮಾಡಿದ ಮೇಲೆ ಕ್ಯಾತಮ್ಮ ಮೆತ್ತಗಾಗಿ ಚಳ್ಳಕೆರೆಯ ಡಾಕ್ಟರ ಹತ್ತಿರ ಬರಲು ಒಪ್ಪಿದಳು. ಡಾಕ್ಟರು ಮಗುವಿನ ಕಣ್ಣೆವೆ ಬಿಡಿಸಿ ನೋಡಿ, "ದಿನಾ ಒಂದು ಮೊಟ್ಟೆ ಕೊಡಿ. ಹಿಂಗೇ ಬಿಟ್ರೆ ಉಳಿಯಲ್ಲ" ಅಂದುಬಿಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕ್ಯಾತಮ್ಮ, "ಅದೊಂದು ಬಿಟ್ಟು ಬ್ಯಾರೆ ಏನಾರ ಹೇಳಿ ಮೇಡಮ್ಮಾರೆ. ನಮ್ಮಣ್ಣ ದೇವರ ದನ ಕಾಯೋನು" ಅಂದಳು.

"ಔಷಧಿ ಅಂತ ತಿಳ್ಕೊಳ್ಳಿ. ಮಗು ಮುಖ್ಯನೋ, ದನ ಮುಖ್ಯನೋ?"

ಹೆತ್ತವಳಿಗೆ ಕೇಳುವ ಪ್ರಶ್ನೆಯೇ ಅದು? ಕೇಳಿಬಿಟ್ಟಳು ಮಹಾರಾಯ್ತಿ. ಕ್ಯಾತಮ್ಮ ಕಿಟಕಿಯಾಚೆ ನೋಡುತ್ತ ಅತ್ತಳು. ತಳಕು ಬರುವ ಹೊತ್ತಿಗೆ, "ಹಟ್ಟಿ ಒಳಗೆ ಬ್ಯಾಡ. ಬೇಲಿ ಆಚೆ. ನಾನು ಮುಟ್ಟಲ್ಲ" ಅಂದಳು.

ಅಲ್ಲ, ಕಣ್ಣು ಹಾಯಿಸಿದಷ್ಟೂ ಶೇಂಗಾ ಬೆಳೆಯುವ ಸೀಮೆ ಅದು. ಶಿಲ್ಪಳ ಅಪ್ಪ ಜೀವಮಾನವೆಲ್ಲ ಉಸಿರಾಡಿದ್ದೇ ಶೇಂಗಾ ಧೂಳು. ಹುರಿದು, ಬೆಲ್ಲ ಹಾಕಿ ಕುಟ್ಟಿ, ಉಂಡೆ ಕಟ್ಟಿಕೊಟ್ಟಿದ್ದರೆ ಯಾವ ದೇವರು ಬೇಡ ಅನ್ನುತ್ತಿತ್ತು? ಡಾಕ್ಟರು ಮೊಟ್ಟೆ ಅಂದರು, ಇವಳು ಮೊಟ್ಟೆಯನ್ನೇ ಹಿಡಿದು ಕೂತಳು. ಬೇರೇನೂ ಅವಳಿಗೆ ಹೊಳೆಯಲೇ ಇಲ್ಲ.

ಬೇಲಿಯಾಚೆ ಜಾಲಿಮರದ ನೆರಳಲ್ಲಿ ಶಿಲ್ಪ ದಿನಾ ಬಂದು ಬೇಯಿಸಿದ ಮೊಟ್ಟೆ ಸುಲಿದು, ಬಿಳಿ ಉಂಡೆ ಅಂತ ಹೇಳಿ ತಿನ್ನಿಸುತ್ತಿದ್ದಳು. ಕ್ಯಾತಮ್ಮ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಆಮೇಲೆ ಮಗಳ ಬಾಯಿ ತೊಳೆಸಿ ಒಳಗೆ ಕರೆದೊಯ್ಯುತ್ತಿದ್ದಳು. ತಿಂಗಳೊಪ್ಪತ್ತಿನಲ್ಲಿ ಮಗು ಚೇತರಿಸಿಕೊಂಡಿತು. ಶಿಲ್ಪಳನ್ನು ಕಂಡರೆ ಓಡಿಬರುವಷ್ಟು ಕಾಲಿಗೆ ಬಲ ಬಂತು. ಶಿಲ್ಪಳಿಗೋ ಹಿಗ್ಗೋ ಹಿಗ್ಗು.

ಒಂದು ಮಧ್ಯಾಹ್ನ ಪಾಲಣ್ಣ ಉಣ್ಣಲು ಕೂತಿದ್ದ. ಪಕ್ಕದಲ್ಲಿ ಹಟ್ಟಿಯ ಹಿರಿಯ ಜುಂಜಣ್ಣ. ಶಿಲ್ಪ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದಳು. ಪಾಲಣ್ಣ ಮುದ್ದೆ ಮುರಿಯುತ್ತ, "ಬಾ ಕೂಸೇ, ಉಣ್ಣು" ಅಂತ ತಂಗಿಯ ಮಗಳನ್ನು ಕರೆದ.

"ನಂಗೆ ಬ್ಯಾಡ ಮಾವ. ಅಕ್ಕ ಬಿಳಿ ಉಂಡೆ ತಂದಿರ್ತಾಳೆ. ಒಳಗೆ ಅರಿಶಿಣ ಇರ್ತೈತೆ" ಅಂದಿತು ಮಗು.

ಜುಂಜಣ್ಣ ಶಿಲ್ಪಳ ಚೀಲದ ಕಡೆ ನೋಡಿದ. ಪಾಲಣ್ಣ ಕೈಯ ತುತ್ತನ್ನು ತಟ್ಟೆಗೆ ಇಟ್ಟ.

"ನಮ್ ಕ್ಯಾತಿಗೆ ಗೊತ್ತಿತ್ತೇನವ್ವ?" ಅಂತ ಅವನು ಶಿಲ್ಪಳನ್ನು ಕೇಳಿದ. ದನಿ ಏರಿಸಲಿಲ್ಲ.

ಕ್ಯಾತಮ್ಮ ಒಲೆಯ ಮುಂದೆ ಕೂತಿದ್ದಳು. ಗೊತ್ತಿತ್ತು ಅಂದರೆ ಅಣ್ಣನ ಮನೆಯೂ ತಪ್ಪಿ, ತಾಯಿ ಮಗಳಿಗೆ ಬೀದಿಯೇ ಗತಿ. "ಇಲ್ಲ. ನಾನೇ ಕದ್ದು ತಿನ್ನಿಸಿದೆ" ಅಂದಳು ಶಿಲ್ಪ.

ಆ ಸುಳ್ಳು ಕ್ಯಾತಮ್ಮನನ್ನು ಉಳಿಸಿತು. ಹಟ್ಟಿಯವರು ಮಗುವಿನ ಬಾಯಿಗೆ ತೀರ್ಥ ಬಿಟ್ಟು, ಮನೆ ಸಾರಿಸಿ, ಪಾಲಣ್ಣ ಮತ್ತೆ ರೊಪ್ಪಕ್ಕೆ ಹೋಗಬಹುದು ಅಂದರು. ಆದರೆ ಸಂಸ್ಥೆಯವರು ಯಾರೂ ಇನ್ನು ಬೇಲಿ ದಾಟಕೂಡದು. ಅನ್ನಪೂರ್ಣಮ್ಮ ಹೋಗಿ ಕೈಮುಗಿದರೂ ಯಾರೂ ಜಗ್ಗಲಿಲ್ಲ. ವಾಪಸ್ ಬಂದವರು ಚಪ್ಪಲಿ ಬಿಟ್ಟು, ಭೇಟಿಯ ಪುಸ್ತಕದಲ್ಲಿ ಆ ಹಟ್ಟಿಯ ಹೆಸರು ಹೊಡೆದುಹಾಕಿದರು. ಬೈದಿದ್ದರೆ ಶಿಲ್ಪಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಳೆಗಾಲದಲ್ಲಿ ಹಟ್ಟಿಗೆ ವಾಂತಿಭೇದಿ ಬಂತು. ಓಬಮ್ಮ ಮಲಗಿದಳು. ಪಾಲಣ್ಣ ಎತ್ತುಗಳನ್ನು ಹೊಡೆದುಕೊಂಡು ಮೇಯಿಸಲು ದೂರದ ಹುಲ್ಲುಗಾವಲಿಗೆ ಹೋಗಿದ್ದ. ಆಸ್ಪತ್ರೆಗೆ ಹೊರಟರೆ ಮತ್ತೆ ಆ ಮೊಟ್ಟೆಯವರ ಹತ್ತಿರವೇ ಹೋದಳು ಅಂತ ಹಟ್ಟಿ ಆಡಿಕೊಳ್ಳುತ್ತದೆ, ಅಣ್ಣನಿಗೆ ಮುಟ್ಟಿಸುತ್ತದೆ. ಕ್ಯಾತಮ್ಮ ಮಗಳ ಕೈಗೆ ಅರಿಶಿಣದ ದಾರ ಕಟ್ಟಿ ದೇವರನ್ನು ನೆನೆಯುತ್ತ ಕೂತಳು. ಶಿಲ್ಪಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಗುವನ್ನು ಮಣ್ಣು ಮಾಡಿ ಆಗಿತ್ತು.

ಶಿಲ್ಪ ಎದ್ದುಬಿದ್ದು ಹೋದಳು. ಬೇಲಿಯ ಹತ್ತಿರ ಹೋಗಿ ನಿಂತಳು. ಒಳಗೆ ಕಾಲಿಡುವ ಧೈರ್ಯ ಬರಲಿಲ್ಲ. ಕ್ಯಾತಮ್ಮನೇ ಎದ್ದು ಬಂದಳು. ಅತ್ತು ಅತ್ತು ಅವಳ ಕಣ್ಣು ಒಣಗಿತ್ತು.

"ನಿನ್ ಮೊಟ್ಟೆಯಿಂದ್ಲೇ ದೇವ್ರು ಮುನಿದು ಕೂಸ್ನ ಕರ್ಕಂಡ ಅಂತಾರೆ ಎಲ್ರೂ" ಅಂದಳು. "ನಾನೂ ಹಂಗೇ ಅಂದೀನಿ."

"ಹಂಗಲ್ಲ ಅಂತ ನಿಮಗೆ ಗೊತ್ತಲ್ಲ ಕ್ಯಾತಮ್ಮ. ಅದನ್ನ ತಿಂದೇ ಅವಳು ಓಡಾಡ್ತಿದ್ದಿದ್ದು."

"ಗೊತ್ತೈತೆ." ಕ್ಯಾತಮ್ಮ ಹಟ್ಟಿಯ ಕಡೆ ತಿರುಗಿ ನೋಡಿ ದನಿ ತಗ್ಗಿಸಿದಳು. "ಅಣ್ಣಂಗೆ ಹೆದ್ರಿ ನಾನು ಆಸ್ಪತ್ರೆಗೆ ಹೋಗ್ಲಿಲ್ಲ. ಅದನ್ನ ಹೊಟ್ಟೇಲಿ ಇಟ್ಕಂಡು ಈ ಜನದ ಮಧ್ಯ ಹೆಂಗ್ ಬದುಕ್ಲಿ? ನಂಗೆ ಬ್ಯಾರೆ ಊರಿಲ್ಲ. ನೀನಾದ್ರೆ ಹೊಂಟ್ ಹೋಗ್ತೀಯ. ನಿಂದೇ ತಪ್ಪು ಅಂತ ಹೇಳಿ ಹೋಗು. ಅವ್ರಿಗೆಲ್ಲ ಕೇಳೋ ಹಂಗೆ ಹೇಳು."

ಬಾಗಿಲು ಬಾಗಿಲಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು. ಶಿಲ್ಪ ಅವರ ಕಡೆ ತಿರುಗಿದಳು.

"ನಂದೇ ತಪ್ಪು" ಅಂದಳು.

"ಇನ್ನೂ ಜೋರಾಗಿ" ಅಂದಳು ಕ್ಯಾತಮ್ಮ.